ಕ್ಲಿಕ್ ಸದ್ದು ಬಂತು ಅಂತ ಕ್ಲಾಕ್ ಪೆಟ್ಟಿಗೆ ಕೊಳ್ಳಬೇಡಿ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಮನೆಯ ಮಹಡಿ ಮೇಲಿನ ಎರಡು ರೂಮು, ಅಷ್ಟೇ. ಭಜನೆ, ಭಾವಗೀತೆ, ಎಲೆಕ್ಷನ್ ಬಂದರೆ ಆಟೋದಲ್ಲಿ ಕೂಗುವ ಪ್ರಚಾರದ ಆಡಿಯೋ. ಇದರಲ್ಲೇ ಹೊಟ್ಟೆಪಾಡು. ಹೋದ ಸಲದ ಒಂದು ಕೆಲಸದಲ್ಲಿ 38 ಸಾವಿರ ರೂಪಾಯಿ ಮತ್ತು ಇಡೀ ದಿನದ ರೆಕಾರ್ಡಿಂಗ್ ಕಳೆದುಕೊಂಡೆ. ಅರ್ಧ ತಪ್ಪು ನನ್ನದು, ಅರ್ಧ ಮಾರಿದವರದು. ಮನೆ ಸ್ಟುಡಿಯೋ ಇಟ್ಟುಕೊಂಡವರು ಸ್ವಲ್ಪ ಓದಿ.

ದುಗ್ಗಮ್ಮನ ಜಾತ್ರೆಗೆ ಹಾಡು ಮಾಡಿಸಬೇಕು ಅಂತ ಒಂದು ತಂಡ ಬಂತು. ಡೊಳ್ಳು, ತಾಳ, ಹಾರ್ಮೋನಿಯಂ, ಮುಂದೆ ಹಾಡುವವರು ಒಬ್ಬರು, ಹಿಂದೆ ದನಿಗೂಡಿಸಲು ನಾಲ್ಕು ಜನ. ನನ್ನ ಇಂಟರ್‌ಫೇಸಿಗೆ, ಅಂದರೆ ಮೈಕಿನ ದನಿಯನ್ನು ಕಂಪ್ಯೂಟರಿಗೆ ಕೊಡುವ ಡಬ್ಬಕ್ಕೆ, ಇರುವುದು ಎರಡೇ ಮೈಕ್ ಇನ್‌ಪುಟ್. ಹಾಗಾಗಿ ಎಂಟು ಮೈಕ್ ಹಿಡಿದು, ದನಿ ಹೆಚ್ಚಿಸಿ ಡಿಜಿಟಲ್ ಮಾಡುವ ಪ್ರೀಆಂಪ್ ಒಂದನ್ನು ಸೆಕೆಂಡ್ ಹ್ಯಾಂಡ್ ತಂದೆ. ಅದರಿಂದ ಇಂಟರ್‌ಫೇಸಿಗೆ ಒಂದೇ ಆಪ್ಟಿಕಲ್ ಕೇಬಲ್. ಎಡ್ಯಾಟ್ ಅಂತಾರಲ್ಲ, ಅದು. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದರೆ (ಒಂದೊಂದು ಅಳತೆಗೆ ಸ್ಯಾಂಪಲ್ ಅಂತಾರೆ), ಆ ಸಣ್ಣ ಕೇಬಲ್ಲಿನಲ್ಲೇ ಎಂಟು ಚಾನೆಲ್ ಬರುತ್ತವೆ. 96ಕ್ಕೆ ಹೋದರೆ ನಾಲ್ಕೇ, ಆ ಆಸೆ ಬೇಡ.

ಕೇಬಲ್ ಚುಚ್ಚಿದೆ. ಎಂಟೂ ಮೀಟರ್ ಕುಣಿದವು. ಎಲ್ಲಾ ಸರಿ ಇದೆ ಅಂದುಕೊಂಡೆ. ಬೆಳಗ್ಗೆಯಿಂದ ಸಂಜೆಯವರೆಗೆ ಆರು ಹಾಡು ಮುಗಿಸಿ, ತಂಡದವರಿಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿ ಬಸ್ ಹತ್ತಿಸಿದೆ.

ರಾತ್ರಿ ಹೆಡ್‌ಫೋನ್ ಹಾಕಿ ಕೂತಾಗ ಗೊತ್ತಾಯಿತು. ಡೊಳ್ಳು ಹೊಡೆಯುವಾಗ ಏನೂ ಇಲ್ಲ. ಡೊಳ್ಳು ನಿಂತು, ಹಾರ್ಮೋನಿಯಂ ಜೊತೆ ಒಬ್ಬರೇ ರಾಗ ಎಳೆಯುವ ಜಾಗ ಬಂತು. ಟಕ್. ಮತ್ತೆ ಟಕ್. ಸರಿಯಾಗಿ ಮುಚ್ಚದ ನಲ್ಲಿಯ ಹಾಗೆ, ಎರಡು ಸೆಕೆಂಡಿಗೊಮ್ಮೆ. ವೇವ್‌ಫಾರ್ಮ್ ದೊಡ್ಡದು ಮಾಡಿ ನೋಡಿದರೆ ನುಣ್ಣಗೆ ಹೋಗುತ್ತಿದ್ದ ಗೆರೆ ಒಂದು ಕಡೆ ಮುರಿದು ಜೋಡಿಸಿದ ಹಾಗಿತ್ತು. ಆರು ಹಾಡಿನಲ್ಲೂ ಅದೇ ಕಥೆ.

ಒಂದು ಸುಳಿವು ಕಣ್ಣ ಮುಂದೆಯೇ ಇತ್ತು. ಇಂಟರ್‌ಫೇಸಿನ ಸ್ವಂತ ಎರಡು ಇನ್‌ಪುಟ್ ಪೂರ್ತಿ ಕ್ಲೀನ್. ಟಕ್ ಇದ್ದದ್ದು ಪ್ರೀಆಂಪಿನಿಂದ ಬಂದ ಎಂಟರಲ್ಲಿ ಮಾತ್ರ. ನಾನು ಅದರ ಬಗ್ಗೆ ಯೋಚಿಸಲೇ ಇಲ್ಲ. ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ.

"ಕ್ಲಾಕ್ ಪ್ರಾಬ್ಲಂ ಸರ್. ಮಾಸ್ಟರ್ ಕ್ಲಾಕ್ ಹಾಕಿ, ಸೌಂಡೇ ಬದಲಾಗುತ್ತೆ" ಅಂದರು. ಕ್ಲಾಕ್ ಅಂದರೆ ಆ ಅಳತೆಗೆ ತಾಳ ಹಾಕುವ ಗಡಿಯಾರ. ಮಾಸ್ಟರ್ ಕ್ಲಾಕ್ ಅಂದರೆ ಎಲ್ಲ ಡಬ್ಬಕ್ಕೂ ಒಂದೇ ತಾಳ ಕೊಡುವ ಬೇರೆ ಪೆಟ್ಟಿಗೆ. ಎರಡೂ ಡಬ್ಬ ಯಾವ ಕ್ಲಾಕಿನ ಮೇಲೆ ಓಡುತ್ತಿವೆ ಅಂತ ಒಂದು ಪ್ರಶ್ನೆ ಕೇಳಲಿಲ್ಲ. ಮೂರು ದಿನಕ್ಕೆ ಪೆಟ್ಟಿಗೆ ಬಂತು. ಕ್ಲಾಕ್ ಸಾಗಿಸುವ ಬಿಎನ್‌ಸಿ ಕೇಬಲ್ ನಾನೇ ಹೊಂದಿಸಿ ಎರಡಕ್ಕೂ ಕೊಟ್ಟೆ. ಇಂಟರ್‌ಫೇಸನ್ನು ವರ್ಡ್ ಕ್ಲಾಕಿಗೆ, ಅಂದರೆ ಆ ಕೇಬಲ್ಲಿನಲ್ಲಿ ಬರುವ ತಾಳಕ್ಕೆ, ತಿರುಗಿಸಿದೆ. ಟಕ್ ಹಾಗೇ ಇತ್ತು! ಮತ್ತೆ ಫೋನ್ ಮಾಡಿದರೆ, "ಒಳ್ಳೆ ಕೇಬಲ್ ತಗೊಳ್ಳಿ ಸರ್" ಅಂದರು.

ಕೊನೆಗೆ ಇಲ್ಲೇ ಆರ್ಕೆಸ್ಟ್ರಾಗಳಿಗೆ ಸೌಂಡ್ ಹಾಕುವ ಹುಡುಗನನ್ನು ಕರೆದೆ. ಬಂದವನು ಮುಂದಿನ ಬಟನ್ ಒಂದನ್ನೂ ಮುಟ್ಟಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ರ‍್ಯಾಕಿನ ಹಿಂದೆ ತೂರಿಕೊಂಡ.

"ಅಣ್ಣಾ, ಪ್ರೀಆಂಪ್ ಇನ್ನೂ ಇಂಟರ್ನಲ್‌ನಲ್ಲೇ, ಅಂದ್ರೆ ತನ್ನ ಸ್ವಂತ ಕ್ಲಾಕಿನಲ್ಲೇ ಐತಲ್ಲ. ಇಬ್ಬರು ಬೇರೆ ಬೇರೆ ತಾಳ ಹಾಕ್ತಾ ಕೂತರೆ ಭಜನೆ ನಡೆಯುತ್ತಾ?"

ಇಷ್ಟೇ ವಿಷಯ. ಪ್ರತಿ ಡಿಜಿಟಲ್ ಡಬ್ಬದ ಒಳಗೂ ಒಂದು ಕ್ರಿಸ್ಟಲ್ ಇರುತ್ತದೆ. ಸೆಕೆಂಡಿಗೆ 48,000 ಸಲ ಎಣಿಸುವುದು ಅದರ ಕೆಲಸ. ಆದರೆ ಎರಡು ಕ್ರಿಸ್ಟಲ್ ಒಂದೇ ಸಮ ಎಣಿಸುವುದಿಲ್ಲ. ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸ ಇದ್ದರೂ ಸಾಕು, ಎರಡು ಸೆಕೆಂಡಿಗೆ ಸುಮಾರು ಒಂದು ಸ್ಯಾಂಪಲ್ ಹೆಚ್ಚು ಇಲ್ಲವೇ ಕಡಿಮೆ ಆಗುತ್ತದೆ. ಅದೇ ಆ ಟಕ್. ಒಂದು ಡಬ್ಬ ಯಜಮಾನ ಆಗಬೇಕು, ಉಳಿದವೆಲ್ಲ ಅದನ್ನೇ ಅನುಸರಿಸಬೇಕು. ಎಡ್ಯಾಟ್ ಕೇಬಲ್ಲಿನಲ್ಲಿ ಆಡಿಯೋ ಜೊತೆ ಕ್ಲಾಕ್ ಕೂಡ ಬಂದೇ ಬರುತ್ತದೆ. ಹುಡುಗ ಪ್ರೀಆಂಪನ್ನು ಇಂಟರ್ನಲ್‌ನಲ್ಲೇ ಬಿಟ್ಟ. ಇಂಟರ್‌ಫೇಸಿನ ಸಾಫ್ಟ್‌ವೇರ್ ತೆರೆದು ಕ್ಲಾಕ್ ಸೋರ್ಸನ್ನು ಎಡ್ಯಾಟ್‌ಗೆ ಬದಲಿಸಿದ. ಒಂದು ಕ್ಲಿಕ್ಕಿನ ಕೆಲಸ. 38 ಸಾವಿರದ ಪೆಟ್ಟಿಗೆಯ ಪ್ಲಗ್ ಕಿತ್ತು ಪಕ್ಕಕ್ಕಿಟ್ಟ. ಸದ್ದು ನಿಂತಿತು.

ನನ್ನ ಕೇಬಲ್ಲನ್ನೂ ನೋಡಿ ನಕ್ಕ. ಅದರ ಮೇಲೆ ಆರ್‌ಜಿ 58 ಅಂತ ಅಚ್ಚಾಗಿತ್ತು. ಅದು 50 ಓಮ್. ವರ್ಡ್ ಕ್ಲಾಕಿಗೆ ಬೇಕಾದ್ದು 75 ಓಮ್, ಅಂದರೆ ಆರ್‌ಜಿ 59 ತರದ್ದು. ಸಿಸಿಟಿವಿ ಹಾಕುವವರ ಹತ್ತಿರ ಬೇಕಾದಷ್ಟು ಸಿಗುತ್ತದೆ. ಎರಡರ ತುದಿಯ ಕನೆಕ್ಟರ್ ನೋಡಲು ಒಂದೇ ತರ, ಮೋಸ ಹೋಗುವುದು ಅಲ್ಲೇ. ಟಿ ಕನೆಕ್ಟರ್ ಹಾಕಿ ಸಾಲಾಗಿ ಕೊಟ್ಟರೆ ಕೊನೆಯ ಡಬ್ಬದಲ್ಲಿ ಮಾತ್ರ, ಸಿಗ್ನಲ್ ವಾಪಸ್ ತಿರುಗದ ಹಾಗೆ ತಡೆಯುವ 75 ಓಮ್ ಟರ್ಮಿನೇಟರ್ ಇರಬೇಕಂತೆ. ಕೆಲವು ಡಬ್ಬಗಳಲ್ಲಿ ಅದು ಒಳಗೇ ಇರುತ್ತದೆ. ಅದರ ಮೇಲೆ ಇನ್ನೊಂದು ಸಿಕ್ಕಿಸಿದರೆ ಸಿಗ್ನಲ್ ಕುಗ್ಗುತ್ತದೆ.

ತಂಡದವರಿಗೆ ಫೋನ್ ಮಾಡಿದ್ದು ಮಾತ್ರ ಕಷ್ಟದ ಕೆಲಸ. ಡೊಳ್ಳಿನ ಯಜಮಾನರು, "ಹೋಗ್ಲಿ ಬಿಡಪ್ಪ, ಇನ್ನೊಂದ್ಸಲ ಬಾರಿಸಿದರಾಯ್ತು" ಅಂದರು. ಬಸ್ ಚಾರ್ಜು, ಊಟ ಎಲ್ಲಾ ನನ್ನದೇ.

ಎರಡನೇ ಸಲವೂ ನಾನು ಎಡವಿದೆ. ಹೊಸ ಪ್ರಾಜೆಕ್ಟ್ ತೆರೆದಾಗ ಅದು 44.1 ಕಿಲೋಹರ್ಟ್ಸ್‌ನಲ್ಲಿತ್ತು, ಪ್ರೀಆಂಪ್ 48ರಲ್ಲಿ. ನೋಡಲಿಲ್ಲ. ಪುಣ್ಯಕ್ಕೆ ಅದು ಟ್ರಯಲ್ ಟೇಕ್. ಆಮೇಲೆ ಪ್ರೀಆಂಪ್ ಆಫ್ ಮಾಡಿ, 48ರಲ್ಲಿ ಹಿಡಿದ ಆ ಟೇಕನ್ನು 44.1ರಲ್ಲಿ ಕೇಳಿಸಿದರೆ ದನಿ ಭಾರವಾಗಿ, ನಿಧಾನವಾಗಿ ಬಂತು. ಹಾಡುವವರು ಕರಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ (ಕೀಲಿಯ) ಶ್ರುತಿಯಲ್ಲಿ ಹಾಡಿದ್ದರು. ಹಾರ್ಮೋನಿಯಂ ಒತ್ತಿ ನೋಡಿದರು, ಯಾವ ಮನೆಗೂ ಕೂರಲಿಲ್ಲ. ಕೂರುವುದು ಹೇಗೆ? ಈ ವ್ಯತ್ಯಾಸಕ್ಕೆ ಶ್ರುತಿ ಹೆಚ್ಚು ಕಡಿಮೆ ಒಂದೂವರೆ ಸ್ವರಸ್ಥಾನ ಇಳಿಯುತ್ತದೆ, ಎರಡು ಮನೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. "ಇದು ನನ್ನ ಗಂಟಲಲ್ಲ" ಅಂದುಬಿಟ್ಟರು.

ಈಗ ತಂಡ ಬರುವ ಮೊದಲೇ ಒಂದು ಪರೀಕ್ಷೆ ಮಾಡುತ್ತೇನೆ. ಶ್ರುತಿ ಪೆಟ್ಟಿಗೆ ಹಚ್ಚಿ ಎಂಟೂ ಮೈಕಿನಲ್ಲಿ ಐದು ನಿಮಿಷ ರೆಕಾರ್ಡ್ ಮಾಡಿ, ಒಂದೊಂದೇ ಚಾನೆಲ್ ಸೋಲೋ ಹಾಕಿ ಕೇಳುತ್ತೇನೆ. ಖಾಲಿ ರೂಮು ರೆಕಾರ್ಡ್ ಮಾಡಿದರೆ ಉಪಯೋಗವಿಲ್ಲ, ಸದ್ದೇ ಇಲ್ಲದ ಕಡೆ ಒಂದು ಸ್ಯಾಂಪಲ್ ಹೋದರೂ ತಿಳಿಯುವುದಿಲ್ಲ. ಡೊಳ್ಳಿನಲ್ಲೂ ಸಿಗುವುದಿಲ್ಲ. ಎಳೆದ ಹಾಗೆ ಒಂದೇ ಸಮ ಬರುವ ದನಿಯೇ ಆಗಬೇಕು.

ಪೆಟ್ಟಿಗೆ ವಾಪಸ್ ತಗೊಳ್ಳಿ ಅಂತ ಅಂಗಡಿಗೆ ಕೇಳಿದೆ. "ಸೀಲ್ ಓಪನ್ ಆಗಿದೆ ಸರ್" ಅಂದರು. ನಾಲ್ಕೈದು ಡಿಜಿಟಲ್ ಡಬ್ಬ ಇರುವ ದೊಡ್ಡ ಸ್ಟುಡಿಯೋದವರಿಗೆ ಅದು ನಿಜಕ್ಕೂ ಬೇಕಾಗುವ ವಸ್ತು. ನನ್ನ ಹತ್ತಿರ ಇರುವುದು ಎರಡೇ ಡಬ್ಬ.