ಗೋಣಿಕೊಪ್ಪ ಕಡೆ ಒಂದು ಸ್ಕೂಲು: ಪ್ರಿನ್ಸಿಪಾಲ್ ಮೇಡಂ ಕೆಲಸದ ರಿವ್ಯೂ

ಸ್ಕೂಲ್ ಹೆಸರು ಹಾಕ್ತಿಲ್ಲ. ಬಿಲ್ಡಿಂಗು, ಸ್ಮಾರ್ಟ್ ಕ್ಲಾಸು, ಆನ್ಯುವಲ್ ಡೇ ಡ್ಯಾನ್ಸು ಇದ್ರ ಬಗ್ಗೆ ಬರೆಯೋಕೆ ಬೇರೆ ಪೇರೆಂಟ್ಸ್ ಬೇಕಾದಷ್ಟು ಜನ ಇದಾರೆ, ನಾನು ಬರೀತಿರೋದು ಅಲ್ಲಿ ಪ್ರಿನ್ಸಿಪಾಲ್ ಏನು ಕೆಲಸ ಮಾಡ್ತಾರೆ, ಏನು ಮಾಡಲ್ಲ ಅಂತ. ಒಬ್ಬರ ವಿಷ್ಯ ಆದ್ದರಿಂದ ಹೆಸರು ಬೇಡ. ದಕ್ಷಿಣ ಕೊಡಗು, ಸ್ಟೇಟ್ ಸಿಲಬಸ್, ಎಲ್‌ಕೆಜಿಯಿಂದ ಎಸ್ಸೆಸ್ಸೆಲ್ಸಿ ತನಕ ಉಂಟು, ನಮ್ಮ ಮಗಳು ಬಸ್ಸಲ್ಲಿ ಹೋಗಿ ಬರೋಳು.

ನಮ್ಮ ಕಡೆ ಒಂದು ಸ್ಕೂಲ್ ಹೆಂಗೆ ಅಂತ ತಿಳ್ಕೊಳ್ಬೇಕಾದ್ರೆ ಜುಲೈಲಿ ನೋಡ್ಬೇಕು, ಎಪ್ರಿಲ್‌ನಲ್ಲಿ ಅಲ್ಲ. 2018, 2019ರ ಆಗಸ್ಟ್ ಮಳೆ ನೋಡಿದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಡಿಸಿ ರಜೆ ಕೊಟ್ರೆ ಸರಿ, ಕೊಡದೇ ಇರೋ ದಿನಾನೇ ತಲೆಬಿಸಿ, ಕೆಲವು ಸಲ ಮಡಿಕೇರಿ ತಾಲೂಕಿಗೆ ರಜೆ ನಮಗಿಲ್ಲ, ಇಲ್ಲಿ ನೋಡಿದ್ರೆ ತೋಡು (ಹಳ್ಳ) ತುಂಬಿ ರೋಡ್ ಮೇಲೆ ಹರೀತಾ ಇರುತ್ತೆ, ಕರೆಂಟ್ ಹೋಗಿ ದಿನಗಳಾಗಿರುತ್ತೆ, ಕರೆಂಟ್ ಇಲ್ಲ ಅಂದ್ರೆ ಟವರೂ ಇಲ್ಲ, ಸ್ಕೂಲಿನವರು ವಾಟ್ಸಾಪಲ್ಲಿ ಹಾಕಿದ ಮೆಸೇಜು ಮಳೆ ಬಿಟ್ಟ ಮೇಲೆ ಒಟ್ಟಿಗೆ ಬಂದು ಬೀಳುತ್ತೆ. ಮೊದಲಿದ್ದ ಸ್ಕೂಲಲ್ಲಿ ಇದಕ್ಕೆ ಉತ್ತರ ‘ಗ್ರೂಪಲ್ಲಿ ಹಾಕಿದ್ವಲ್ಲ’ ಅಂತ. ಈ ಮೇಡಂ ಏನು ಮಾಡಿದಾರೆ ಅಂದ್ರೆ ಒಂದೊಂದು ಬಸ್ ಸ್ಟಾಪಿಗೆ ಒಬ್ಬ ಪೇರೆಂಟ್‌ನ ಗೊತ್ತು ಮಾಡಿ ಇಟ್ಟಿದಾರೆ, ಲ್ಯಾಂಡ್‌ಲೈನ್ ಇರೋ ಮನೆ ಇದ್ರೆ ಅವರೇ, ಇಲ್ಲಾಂದ್ರೆ ರೋಡ್ ಸೈಡ್ ಅಂಗಡಿ, ಅಲ್ಲಿಗೆ ಸುದ್ದಿ ಮುಟ್ಟಿದ್ರೆ ಉಳಿದವರಿಗೆ ಮುಟ್ಟಿದ ಹಾಗೆ. ಡ್ರೈವರ್ ಬೆಳಿಗ್ಗೆ ಒಂದು ಸಲ ಖಾಲಿ ರೋಡ್ ನೋಡ್ಕೊಂಡು ಬಂದ ಮೇಲೇನೇ ಮಕ್ಕಳನ್ನ ಹತ್ತಿಸೋದು. ಹೋದ ರಜೆನೆಲ್ಲ ಶನಿವಾರ ಫುಲ್ ಡೇ ಮಾಡಿ ತುಂಬಿಸ್ತಾರೆ, ಮಕ್ಕಳಿಗೆ ಸಿಟ್ಟು, ಆದ್ರೆ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಲೇ 1ರಿಂದ 5ಕ್ಕೆ ವರ್ಷಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ನಡೀಬೇಕು ಅಂತ ಇದೆ, ನಮ್ಮ ಮಳೇಲಿ ಆ ಲೆಕ್ಕ ಹೊಂದಿಸೋದು ಅಷ್ಟು ಸಸಾರ ಅಲ್ಲ.

ಆಮೇಲೆ ಆನೆ. ತಿತಿಮತಿ, ಪಾಲಿಬೆಟ್ಟ, ಮಾಲ್ದಾರೆ ಕಡೆಯವರಿಗೆ ಗೊತ್ತು. ತೋಟದ ಗೇಟ್ ಹತ್ರ ಬೆಳಿಗ್ಗೆ ಕತ್ತಲಲ್ಲಿ ಮಕ್ಕಳು ಬಸ್ಸಿಗೆ ಕಾಯೋ ಹಾಗೆ ಇದ್ದ ಸ್ಟಾಪ್‌ಗಳನ್ನ ಇವರು ಬಂದ ವರ್ಷಾನೇ ತೆಗೆದು ಮನೆ, ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಇರೋ ಜಾಗಕ್ಕೆ ಹಾಕಿಸಿದ್ರು. ಬಸ್ಸು ಸ್ವಲ್ಪ ಜಾಸ್ತಿ ಓಡುತ್ತೆ, ಡೀಸೆಲ್ ಖರ್ಚು ಅಂತ ಮ್ಯಾನೇಜ್‌ಮೆಂಟ್ ಗೊಣಗಿದ್ದು ನಮಗೂ ಕೇಳಿಸ್ತು. ಫಾರೆಸ್ಟ್‌ನವರ ಆನೆ ಎಲ್ಲಿದೆ ಅನ್ನೋ ಮೆಸೇಜು ಡ್ರೈವರ್ ಫೋನಿಗೂ ಬರ್ಬೇಕು, ಮೇಡಂ ಫೋನಿಗೂ ಬರ್ಬೇಕು. ಪ್ರಿನ್ಸಿಪಾಲ್ ಅಂದ್ರೆ ಚೇಂಬರಲ್ಲಿ ಕೂತು ಸರ್ಕ್ಯುಲರ್‌ಗೆ ಸೈನ್ ಹಾಕೋರು ಅಂದ್ಕೊಂಡಿರೋ ಬೆಂಗಳೂರಿನ ನಮ್ಮ ನೆಂಟರಿಗೆ ಇದನ್ನ ಹೇಳಿದ್ರೆ ನಗ್ತಾರೆ.

ಕ್ಲಾಸ್ ಒಳಗಿನ ವಿಷ್ಯಕ್ಕೆ ಬರೋಣ. ವಾರದಲ್ಲಿ ಕೆಲವು ಪೀರಿಯಡ್ ಎಂಟನೇ ಕ್ಲಾಸಿಗೆ ತಾವೇ ಸಮಾಜ ತಗೊಳ್ತಾರೆ, ಹಾಗಾಗಿ ಟೀಚರ್ಸ್ ಸುಮ್ನೆ ‘ಈ ಬ್ಯಾಚ್ ಸರಿಯಿಲ್ಲ ಮೇಡಂ’ ಅಂತ ಹೇಳೋಕೆ ಆಗಲ್ಲ. ಒಂದು ಸಲ ಒಬ್ಬ ಟೀಚರ್ ಹೋಮ್‌ವರ್ಕ್ ಮಾಡದ ಹುಡುಗನ್ನ ಹೊರಗೆ ಮೊಣಕಾಲೂರಿಸಿ ನಿಲ್ಲಿಸಿದ್ದು ದೊಡ್ಡ ಗಲಾಟೆ ಆಯ್ತು. ಹೊಡಿಯೋದು ಮಾತ್ರ ಅಲ್ಲ, ಮಕ್ಕಳ ಮನಸ್ಸಿಗೆ ಹಿಂಸೆ ಕೊಡೋದೂ ಆರ್‌ಟಿಇ 17ನೇ ಸೆಕ್ಷನ್ ಪ್ರಕಾರ ತಪ್ಪು. ಹುಡುಗನ ಅಪ್ಪ ಎಲ್ಲರ ಮುಂದೆ ಟೀಚರ್ ಸಾರಿ ಕೇಳ್ಬೇಕು ಅಂತ ಕೂತ್ರು. ಮೇಡಂ ಹುಡುಗನ ಹತ್ರ ತಾವೇ ಸಾರಿ ಕೇಳಿದ್ರು, ಅಪ್ಪನಿಗೆ ಬರಹದಲ್ಲಿ ಕೊಟ್ರು, ಟೀಚರ್‌ನ ಮಾತ್ರ ಬಾಗಿಲು ಹಾಕ್ಕೊಂಡು ವಿಚಾರಿಸಿದ್ರು. ಕೆಲವರಿಗೆ ಇದು ಸಾಲದು ಅನ್ನಿಸ್ತು. ನನಗೆ ಸರಿ ಅನ್ನಿಸ್ತು, ಊರ ಮುಂದೆ ಮರ್ಯಾದೆ ತೆಗೆಸ್ಕೊಂಡ ಟೀಚರ್ ಮಾರನೇ ದಿನ ಅದೇ ಕ್ಲಾಸಿಗೆ ಹೋಗಿ ಏನು ಪಾಠ ಮಾಡ್ತಾರೆ ಹೇಳಿ.

ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ ಬಗ್ಗೆ ಜೂನ್‌ನಲ್ಲೇ ಟೀಚರ್ಸ್, ಡ್ರೈವರ್, ಆಯಾ ಎಲ್ಲರನ್ನೂ ಕೂರಿಸಿ ಹೇಳ್ತಾರೆ, ಮಕ್ಕಳ ಸಹಾಯವಾಣಿ 1098 ನಂಬರ್ ಬಸ್ ಒಳಗೂ ಬರೆಸಿದಾರೆ. 2012ರ ಕಾಯ್ದೆ ಪ್ರಕಾರ ತನ್ನ ಕೈಕೆಳಗಿನವರು ಮಾಡಿದ್ದು ಗೊತ್ತಿದ್ದೂ ಪೊಲೀಸಿಗೆ ತಿಳಿಸದೇ ಇದ್ರೆ ಸಂಸ್ಥೆ ಮುಖ್ಯಸ್ಥರಿಗೇ ಒಂದು ವರ್ಷದ ತನಕ ಜೈಲು, ಇದನ್ನ ಪೇರೆಂಟ್ಸ್ ಮೀಟಿಂಗಲ್ಲಿ ಅವರೇ ಬಾಯಿಬಿಟ್ಟು ಹೇಳಿದ್ರು. ಮುಚ್ಚಿಹಾಕೋಣ ಅನ್ನೋ ಜಾತಿ ಅಲ್ಲ.

ಬ್ಯಾಗ್ ತೂಕ ಓಕೆ. ಆಟ ಓಕೆ, ಹಾಕಿ ಕೋಚ್ ಇದಾರೆ, ಇಲ್ಲಾಂದ್ರೆ ಕೊಡಗಲ್ಲಿ ಸ್ಕೂಲ್ ನಡೆಸೋಕಾಗುತ್ತಾ. ಕೈಲ್‌ಪೊಳ್ದ್, ಪುತ್ತರಿ ಅಂತ ನಮ್ಮ ಕೊಡಗಿನ ಹಬ್ಬಗಳ ಮಾರನೇ ದಿನ ಟೆಸ್ಟ್ ಇಡಲ್ಲ.

ಫೀಸ್ ವಿಷ್ಯಕ್ಕೆ ಎಲ್ಲರೂ ಪ್ರಿನ್ಸಿಪಾಲ್‌ಗೇ ಬೈತಾರೆ, ಅದು ನನಗೆ ಸರಿ ಕಾಣಲ್ಲ. ಪ್ರೈವೇಟ್ ಸ್ಕೂಲಲ್ಲಿ ಫೀಸ್ ಎಷ್ಟು, ಯೂನಿಫಾರ್ಮ್ ಯಾವ ಅಂಗಡಿ, ಟೀಚರ್ಸ್ ಸಂಬಳ ಎಷ್ಟು ಅಂತ ನಿರ್ಧಾರ ಮಾಡೋದು ಮ್ಯಾನೇಜ್‌ಮೆಂಟು, ಬೈಸ್ಕೊಳ್ಳೋಕೆ ಮಾತ್ರ ಪ್ರಿನ್ಸಿಪಾಲ್. ಈ ಮೇಡಂ ‘ಅದು ನನ್ನ ಕೈಲಿಲ್ಲ, ಲೆಟರ್ ಕೊಡಿ ಕಮಿಟಿಗೆ ಕಳಿಸ್ತೀನಿ’ ಅಂತಾರೆ, ಕಳಿಸ್ತಾರೆ ಕೂಡ. ಆದ್ರೂ ನೋಟ್ ಬುಕ್ ಕೂಡ ಸ್ಕೂಲಲ್ಲೇ ತಗೋಬೇಕು ಅನ್ನೋದು ಇನ್ನೂ ಹಾಗೇ ಇದೆ, ಅದೂ ಹೊರಗಿನ ರೇಟಿಗಿಂತ ಜಾಸ್ತಿ.

ನಮ್ಮ ಅತ್ತಿಗೆ ಗೌರ್ಮೆಂಟ್ ಶಾಲೇಲಿ ಹೆಡ್ ಮಿಸ್ಸು, ಅವರ ಹತ್ರ ಈ ಮೇಡಂನ ಹೊಗಳಿದ್ರೆ ‘ಅವರಿಗೆ ಕ್ಲರ್ಕ್ ಇದಾನೆ ಅಲ್ವಾ’ ಅಂತ ಒಂದೇ ಮಾತು. ಪ್ರೈಮರಿಲಿ 150 ಮಕ್ಕಳಿಗಿಂತ ಜಾಸ್ತಿ ಇದ್ರೆ ಮಾತ್ರ ಹೆಡ್ ಅಂತ ಬೇರೆ ಪೋಸ್ಟು, ನಮ್ಮ ಊರಿನ ಶಾಲೆಗಳಲ್ಲಿ ಅಷ್ಟು ಮಕ್ಕಳು ಎಲ್ಲಿಂದ ಬರ್ಬೇಕು, ಹಾಗಾಗಿ ಪಾಠನೂ ಅವರೇ, ಸ್ಯಾಟ್ಸ್ (ಮಕ್ಕಳ ವಿವರದ ಸರ್ಕಾರಿ ಆನ್‌ಲೈನ್ ದಾಖಲೆ) ಎಂಟ್ರಿನೂ ಅವರೇ, ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗು, ಎಲೆಕ್ಷನ್ ಡ್ಯೂಟಿ ಎಲ್ಲ ಅವರೇ. ಕಾಫಿ ಕುಯ್ಲು ಟೈಮಲ್ಲಿ ತೋಟದ ಮಕ್ಕಳು ಬರೋದು ನಿಂತ್ರೆ ಲೈನ್ ಮನೆಗೆ ನಡ್ಕೊಂಡು ಹೋಗಿ ಕರ್ಕೊಂಡು ಬರೋದೂ ಅವರೇ. ಅತ್ತಿಗೆ ಮಾತಲ್ಲಿ ಹುರುಳಿದೆ ಬಿಡಿ.

ಈಗ ಈ ಮೇಡಂದು ದೊಡ್ಡ ಮೈನಸ್. ಎಲ್ಲಾನೂ ಅವರೇ ಮಾಡ್ತಾರೆ, ಅದೇ ತೊಂದರೆ. ಅವರು ಯಾವುದೋ ಟ್ರೈನಿಂಗ್‌ಗೆ ಬೆಂಗಳೂರಿಗೆ ಹೋದ ವಾರ ಸಂಜೆ ಬಸ್ಸು ಕೆಟ್ಟು ನಿಂತಿತ್ತು. ಆಫೀಸಿಗೆ ಫೋನ್ ಮಾಡಿದ್ರೆ ‘ಮೇಡಂಗೆ ಕೇಳಿ ಹೇಳ್ತೀವಿ’, ಮೇಡಂ ಫೋನ್ ಸ್ವಿಚ್ ಆಫು, ಬೇರೆ ಜೀಪ್ ಕಳಿಸೋಕೆ ಯಾರಿಗೂ ಧೈರ್ಯ ಇಲ್ಲ, ಬಾಡಿಗೆ ಯಾರು ಕೊಡೋದು ಅಂತ ಚರ್ಚೆ, ಕೊನೆಗೆ ನಾವು ನಾವೇ ಹೋಗಿ ಮಕ್ಕಳನ್ನ ಕರ್ಕೊಂಡು ಬಂದ್ವಿ, ಅಷ್ಟೊತ್ತಿಗೆ ಕತ್ತಲೆ. ಅದೇ ವಾರ ಟ್ರಾನ್ಸ್‌ಫರ್ ಆದ ಒಬ್ಬರ ಮಗನ ಟಿಸಿ ಸೈನ್ ಇಲ್ದೆ ಬಾಕಿ. ವೈಸ್ ಪ್ರಿನ್ಸಿಪಾಲ್ ಅಂತ ಬೋರ್ಡ್ ಇದೆ, ಪಾಪ ಅವರಿಗೆ ಪವರ್ ಒಂದೂ ಇಲ್ಲ. ಮನೆ ಯಜಮಾನ ಅಕ್ಕಿ ಡಬ್ಬದ ಕೀ ಸೊಂಟಕ್ಕೆ ಕಟ್ಕೊಂಡು ನೆಂಟರ ಮನೆಗೆ ಹೋದ ಹಾಗೆ ಆಯ್ತು. ತಾವಿಲ್ಲದ ದಿನಾನೂ ಸ್ಕೂಲ್ ನಡೆಯೋ ಹಾಗೆ ನಾಲ್ಕು ಜನರನ್ನ ತಯಾರು ಮಾಡೋದೂ ಪ್ರಿನ್ಸಿಪಾಲ್ ಕೆಲಸಾನೇ, ನನ್ನ ಪ್ರಕಾರ ಅದು ಗೇಟ್ ಹತ್ರ ನಿಂತು ಮಕ್ಕಳಿಗೆ ಗುಡ್ ಮಾರ್ನಿಂಗ್ ಹೇಳೋದಕ್ಕಿಂತ ದೊಡ್ಡ ಕೆಲಸ. ಮೀಟಿಂಗಲ್ಲಿ ಹೇಳಿದ್ವಿ, ಬರ್ಕೊಂಡ್ರು, ಬೇಜಾರಾಯ್ತು ಅಂತ ಮುಖದಲ್ಲೇ ಕಾಣಿಸ್ತು. ಇದಕ್ಕೇ ಐದರಲ್ಲಿ ಒಂದು ಸ್ಟಾರ್ ಕಟ್.

ಅಡ್ಮಿಷನ್‌ಗೆ ಅಂತ ಯಾವ ಸ್ಕೂಲಿಗೆ ಹೋದ್ರೂ ಪ್ರಿನ್ಸಿಪಾಲ್ ಹತ್ರ ರಿಸಲ್ಟ್ ಪರ್ಸೆಂಟೇಜ್ ಕೇಳೋ ಮುಂಚೆ, ನೀವು ಊರಲ್ಲಿಲ್ಲದ ದಿನ ಬಸ್ ಕೆಟ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಕೇಳಿ, ಆ ನಂಬರ್ ಬರೆಸ್ಕೊಂಡು ಬನ್ನಿ. ಸಣ್ಣ ಮಕ್ಕಳಿಗೆ ಇಂಟರ್‌ವ್ಯೂ, ಟೆಸ್ಟ್ ಅಂತ ಹೇಳಿದ್ರೆ ಒಪ್ಕೋಬೇಡಿ, ಆರ್‌ಟಿಇ 13ನೇ ಸೆಕ್ಷನಲ್ಲಿ ಅದಕ್ಕೆ ಅವಕಾಶ ಇಲ್ಲ, ಡೊನೇಷನ್‌ಗೂ ಇಲ್ಲ. ನಮ್ಮ ಸ್ಕೂಲಲ್ಲಿ ಫಾರಂ ಕೊಡೋದು ರೊಬಸ್ಟಾ ಕಾಫಿ ಕುಯ್ಲು ಜೋರಿರೋ ಟೈಮಲ್ಲೇ, ಕುಯ್ಲು ಮುಗೀಲಿ ಅಂತ ಕಾದ್ರೆ ಎಲ್‌ಕೆಜಿ ಸೀಟ್ ಉಳಿಯಲ್ಲ.