‘ಕಾರ್ಡ್ ಪ್ರಿಂಟಿಗೆ ಹೋಗಿದೆ ಅಣ್ಣ’ ಅಂದ್ರೆ ಎದ್ದು ಬನ್ನಿ

ಶಿವಮೊಗ್ಗದಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಪುಟ್ಟ ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಹೆಸರು ಹಾಕುವುದಿಲ್ಲ. ಹಾಕಿದರೆ ಜಗಳವೆಲ್ಲ ಹೆಸರಿನ ಸುತ್ತಲೇ ನಡೆಯುತ್ತದೆ, ಅಲ್ಲಿ ಏನಾಯಿತು ಅನ್ನೋದು ಹಿಂದೆ ಬೀಳುತ್ತದೆ. ಮಳೆಗಾಲದಲ್ಲಿ ಜೋಗ, ಆಗುಂಬೆ, ಸಕ್ರೆಬೈಲು ಅಂತ ಬಂದು ರಾತ್ರಿ ಊರಲ್ಲಿ ಉಳಿಯುವವರು ಇದನ್ನು ಓದಿ. ನನ್ನ ಹಾಗೆ ‘ಅದು ನಮ್ಮ ಜಾಗ’ ಅಂತ ಕಣ್ಣು ಮುಚ್ಚಿಕೊಂಡು ಹೋಗುವ ಊರಿನವರು ಇನ್ನೂ ಸ್ವಲ್ಪ ಗಮನ ಕೊಟ್ಟು ಓದಿ.

ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಬೆಳಗ್ಗೆಯಿಂದ ಸಂಜೆವರೆಗೆ ತೂಕ ನೋಡುವುದೇ ಕೆಲಸ. ರಾಶಿಯೋ ಬೆಟ್ಟೆಯೋ, ಚೀಲಕ್ಕೆ ಅರ್ಧ ಕೆಜಿ ಆಚೀಚೆ ಆದರೆ ರೈತರು ಬಿಡುವುದಿಲ್ಲ, ಬಿಡಲೂಬಾರದು. ಅಂಥ ಕೆಲಸ ಮಾಡುವವನು ತಿಂಗಳುಗಟ್ಟಲೆ ಅಳತೆಯಲ್ಲೇ ಮೋಸ ಹೋದೆ. ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ಏನೂ ಅನ್ನಲಿಲ್ಲ. ಸುಮ್ನೆ ನಕ್ಕಳು. ಅದೇ ಜಾಸ್ತಿ ನೋವಾಯಿತು.

ಆ ಜಾಗ ಮೊದಲು ನಿಜಕ್ಕೂ ಚೆನ್ನಾಗಿತ್ತು. ಹಳೆ ಹೆಂಚಿನ ಮನೆ. ಒಳಗೆ ಆರೇಳು ಟೇಬಲ್. ಹಿಂದೆ ಒಂದು ಹಲಸಿನ ಮರ, ಅದರ ಕೆಳಗೆ ತಗಡು ಹೊದಿಸಿದ ಚಾವಡಿ. ಜೋರು ಮಳೆ ಬಂದರೆ ತಗಡಿನ ಸದ್ದಿಗೆ ಎದುರು ಕೂತವರ ಮಾತು ಕೇಳುತ್ತಿರಲಿಲ್ಲ. ಮಾತಾಡದೆ ಕೂರಲು ಅದೊಂದು ನೆಪ. ಶೇಂಗಾ ಮಸಾಲಕ್ಕೆ ಈರುಳ್ಳಿ ಆಗಲೇ ಹೆಚ್ಚಿ ಹಾಕುತ್ತಿದ್ದರು. ಕೋಳಿ ಸಾರಿಗೆ ಅಕ್ಕಿ ರೊಟ್ಟಿ ಸಿಗುತ್ತಿತ್ತು, ತೆಳ್ಳಗೆ, ಕೈಯಲ್ಲೇ ತಟ್ಟಿದ್ದು. ಯಜಮಾನರು ಗಲ್ಲಾದಲ್ಲಿ ಕೂತು, ಕೆಂಪು ಕ್ಯಾಲ್ಕುಲೇಟರ್ ಒತ್ತಿ, ಬಿಲ್ಲನ್ನು ನಮ್ಮ ಕಡೆ ತಿರುಗಿಸಿ ತೋರಿಸುತ್ತಿದ್ದರು. ಸಪ್ಲೈ ಮಾಡುವ ಹುಡುಗ ‘ಬಂದ್ರಾ ಅಣ್ಣ’ ಅಂತ ಸೋಡಾ ಮೊದಲೇ ತಂದಿಡುತ್ತಿದ್ದ. ಹೀಗೆ ಕರೆಯುವ ಕಡೆ ಬಿಲ್ ಯಾರು ನೋಡ್ತಾರೆ ಹೇಳಿ.

ಹೋದ ವರ್ಷ ಯಜಮಾನರು ಜಾಗವನ್ನು ಬೇರೆಯವರಿಗೆ ನಡೆಸಲು ಕೊಟ್ಟರು. ಬೋರ್ಡು ಅದೇ, ಹುಡುಗನೂ ಅದೇ. ಗಲ್ಲಾದಲ್ಲಿ ಕೂರುವವರು ಮಾತ್ರ ಬೇರೆ. ಮೊದಲು ಕಾಣೆಯಾದದ್ದು ಮೆನು ಕಾರ್ಡ್. ಕೇಳಿದರೆ ‘ಪ್ರಿಂಟಿಗೆ ಹೋಗಿದೆ ಅಣ್ಣ, ಏನು ಬೇಕು ಹೇಳಿ’. ಸರಿ, ಹೇಳಿದೆವು. ಮುಂದಿನ ವಾರವೂ ಪ್ರಿಂಟಿಗೆ ಹೋಗಿತ್ತು. ದಸರಾ ಆಯಿತು, ದೀಪಾವಳಿ ಆಯಿತು, ಕಾರ್ಡ್ ಪ್ರಿಂಟಿನಿಂದ ವಾಪಸ್ ಬರಲೇ ಇಲ್ಲ. ನಾನಾದರೂ ಒಂದು ದಿನ ‘ಯಾವ ಪ್ರೆಸ್ಸಪ್ಪ ಅದು’ ಅಂತ ಕೇಳಬಾರದಿತ್ತಾ? ಕೇಳಲಿಲ್ಲ. ಒಂದು ದಿನ 180 ಅಂದ ಕೋಳಿ ಸಾರು ಇನ್ನೊಂದು ದಿನ 230 ಆಯಿತು, ಆಮೇಲೆ 280. ಕೋಳಿ ರೇಟು ಏರಿರಬೇಕು ಅಂತ ನಾವೇ ಅವರ ಪರವಾಗಿ ಕಾರಣ ಹುಡುಕಿಕೊಂಡೆವು.

ಈಗ ಅಳತೆ ವಿಷಯಕ್ಕೆ ಬರುತ್ತೇನೆ. ಸ್ಮಾಲ್ ಅಂದರೆ 30 ಎಂಎಲ್, ಲಾರ್ಜ್ ಅಂದರೆ 60. ಇದು ಎಲ್ಲರಿಗೂ ಗೊತ್ತು. ಅಳೆಯುವ ಆ ಪುಟ್ಟ ಕಪ್ಪಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು, ನಮ್ಮ ಮಂಡಿಯ ತಕ್ಕಡಿಗೆ ಇರುವ ಹಾಗೆಯೇ. ಇದು ನನಗೆ ಗೊತ್ತಿತ್ತು, ಆದರೂ ಯಾವತ್ತೂ ನೋಡಿರಲಿಲ್ಲ. ಹಳೆ ಯಜಮಾನರ ಕಾಲದಲ್ಲಿ ಬಾಟಲಿ ಟೇಬಲ್ಲಿಗೆ ಬರುತ್ತಿತ್ತು, ಕಣ್ಣೆದುರೇ ಅಳೆದು ಹಾಕುತ್ತಿದ್ದರು. ಹೊಸಬರು ಬಂದ ಮೇಲೆ ಗ್ಲಾಸು ಒಳಗಿನಿಂದಲೇ ತುಂಬಿ ಬರತೊಡಗಿತು.

ಅಲ್ಲಿನ ಗ್ಲಾಸುಗಳ ಮೇಲೆ ಸುತ್ತಲೂ ದ್ರಾಕ್ಷಿ ಬಳ್ಳಿ ಕೆತ್ತಿದೆ. ಕೆಳಗೊಂದು ಸಾಲು, ಮೇಲೊಂದು ಸಾಲು. ಒಂದು ಶನಿವಾರ ನಾನು ಕುಡಿಯುವ ಬ್ರ್ಯಾಂಡ್ ‘ಬಿಡಿ ಇಲ್ಲ, ಕ್ವಾರ್ಟರ್ ಮಾತ್ರ ಇದೆ’ ಅಂದರು. ಸರಿ ಅಂತ ಸೀಲ್ ಇದ್ದ 180ರ ಬಾಟಲಿಯನ್ನೇ ತರಿಸಿದೆ. ಮೂವರು ಇದ್ದೆವು, ಸಮನಾಗಿ ಹಂಚಿದೆ. ಅಂದರೆ ತಲೆಗೆ 60. ಮೂರೂ ಗ್ಲಾಸಲ್ಲಿ ಮಟ್ಟ ಮೇಲಿನ ಬಳ್ಳಿಯ ಎಲೆ ದಾಟಿ ನಿಂತಿತು. ನಾನು ಅದನ್ನೇ ನೋಡುತ್ತಾ ಕೂತೆ. ಅಷ್ಟು ತಿಂಗಳಿಂದ ಒಳಗಿನಿಂದ ಬರುತ್ತಿದ್ದ ಲಾರ್ಜ್ ಕೆಳಗಿನ ಬಳ್ಳಿ ದಾಟಿ ಸ್ವಲ್ಪ ಮೇಲೆ ಬಂದರೆ ಹೆಚ್ಚು. ಐಸ್ ಹಾಕಿದ ಮೇಲೆ ಏನೂ ಗೊತ್ತಾಗುವುದಿಲ್ಲ ನೋಡಿ. ಅದಕ್ಕೇ ಐಸ್ ಕೇಳದಿದ್ದರೂ ಹಾಕಿಯೇ ತರುತ್ತಿದ್ದರು.

ಅವತ್ತೇ ಎದ್ದು ಬರಬೇಕಿತ್ತು. ಬರಲಿಲ್ಲ. ‘ಕೈ ತಪ್ಪಿರಬಹುದು’ ಅಂದುಕೊಂಡೆ. ಪರಿಚಯದ ಜಾಗದ ಕಷ್ಟ ಇದೇ. ಅವರು ಮಾಡಿದ ತಪ್ಪನ್ನು ಬಾಯಿ ಬಿಟ್ಟು ಹೇಳಲು ನಮಗೇ ನಾಚಿಕೆ.

ಕೊನೆಯ ಸಲ ಹೋದದ್ದು ಜುಲೈ ತಿಂಗಳಲ್ಲಿ. ಸಾಗರದಿಂದ ಭಾವ ಬಂದಿದ್ದರು, ಹೆಂಡತಿಯ ಅಣ್ಣ. ರಾತ್ರಿ ನಮ್ಮಲ್ಲೇ ಉಳಿಯುವವರು, ಹಾಗಾಗಿ ಗಾಡಿ ಓಡಿಸುವ ಚಿಂತೆ ಇರಲಿಲ್ಲ. ಕೊಡೆ ಹಿಡಿದು ನಡೆದೇ ಹೋದೆವು. ಹುಡುಗ ಬಂದವನೇ ‘ಅಣ್ಣ, ಇವತ್ತು ಫ್ರೆಶ್ ಅಂಜಲ್ ಇದೆ, ಮಲ್ಪೆದು, ಮಧ್ಯಾಹ್ನ ಬಂದಿದ್ದು’ ಅಂದ. ರೇಟು ಕೇಳಿದೆ. ‘ಸೈಜ್ ಮೇಲೆ ಅಣ್ಣ.’ ಭಾವನಿಗೆ ಮೀನು ಅಂದರೆ ಪ್ರಾಣ. ತಗೊಂಡು ಬಾ ಅಂದರು.

ಜುಲೈ ಅನ್ನೋದು ಅಲ್ಲೇ ಹೊಳೆಯಬೇಕಿತ್ತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ. ನಾಡದೋಣಿಯವರು ತಂದದ್ದು ಅಲ್ಪಸ್ವಲ್ಪ ಸಿಗುತ್ತದೆ. ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆ ಕಡೆಯ ಮೀನು ಐಸಿನಲ್ಲಿ ಬರುತ್ತದೆ. ಅದು ಕೆಟ್ಟದ್ದು ಅಂತಲ್ಲ, ಸರಿಯಾಗಿ ಇಟ್ಟರೆ ಚೆನ್ನಾಗಿಯೇ ಇರುತ್ತದೆ. ಆದರೆ ಜುಲೈ ನಡುವೆ ಬಾರಿನಲ್ಲಿ ಕೂತವರಿಗೆ ‘ಮಧ್ಯಾಹ್ನ ಮಲ್ಪೆಯಿಂದ ಬಂದ ಅಂಜಲ್’ ಅಂದರೆ ಒಂದು ಪ್ರಶ್ನೆಯಾದರೂ ಕೇಳಿ.

ಮೀನು ಬಂತು. ಮಸಾಲೆ ದಪ್ಪಗೆ, ಗೋಡೆಗೆ ಗಾರೆ ಮೆತ್ತಿದ ಹಾಗೆ. ಅಂಜಲ್ ಚೆನ್ನಾಗಿದ್ದರೆ ಬೆರಳಲ್ಲಿ ಒತ್ತಿದಾಗ ಪದರ ಪದರವಾಗಿ ಬಿಡುತ್ತದೆ. ಇದು ಹಿಟ್ಟಿನ ಹಾಗೆ ಕಲಸಿಹೋಯಿತು. ಭಾವ ಎರಡು ತುತ್ತು ತಿಂದು ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಏನೂ ಹೇಳಲಿಲ್ಲ, ಪಾಪ, ಬಿಲ್ ಕೊಡುವವನು ನಾನಲ್ವಾ.

ಚಿಕನ್ ಕಬಾಬ್ ಇನ್ನೊಂದು ಕಥೆ. ಪಕ್ಕದಲ್ಲಿ ಇಟ್ಟಿದ್ದ ನಿಂಬೆ ಹೋಳು ತಾಗಿದ ಕಡೆಯೆಲ್ಲ ಕುಂಕುಮದ ಹಾಗೆ ಕೆಂಪಾಗಿತ್ತು. ಕೈ ತೊಳೆದು ಬಂದು ಕರ್ಚೀಫಿನಲ್ಲಿ ಒರೆಸಿದರೆ ಅದರಲ್ಲೂ ಬೆರಳಿನ ಗುರುತು. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಹೀಗೆ ಹಿಡಿಯುವುದಿಲ್ಲ. ಕರ್ನಾಟಕದಲ್ಲಿ 2024ರ ಜೂನ್‌ನಲ್ಲೇ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದಾರೆ. ಚಿಕನ್, ಮೀನು, ವೆಜ್ ಎಲ್ಲದಕ್ಕೂ. ಅದೇ ವರ್ಷ ಮಾರ್ಚಿನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಯ ಬಣ್ಣದ ಗಲಾಟೆ ಆಗಿತ್ತಲ್ಲ, ಅದರ ಹಿಂದೆಯೇ. ಆ ಕೆಂಪಿನಲ್ಲಿ ಏನಿತ್ತು ಅಂತ ನಾನು ಪರೀಕ್ಷೆ ಮಾಡಿಸಿಲ್ಲ. ಕರ್ಚೀಫ್ ಮಾತ್ರ ಎರಡು ಸಲ ಒಗೆದ ಮೇಲೂ ಹಾಗೇ ಇದೆ.

ಬಿಲ್ ಅಂತ ಮೊದಲು ಬಂದದ್ದು ಒಂದು ಚೀಟಿ. ಅದರಲ್ಲಿ 4,551 ಅನ್ನೋ ಅಂಕಿ ಬಿಟ್ಟರೆ ಏನೂ ಇಲ್ಲ. ವಿವರ ಬೇಕು ಅಂದೆ. ಹುಡುಗ ಗಲ್ಲಾ ಕಡೆ ನೋಡಿದ. ಹತ್ತು ನಿಮಿಷ ಬಿಟ್ಟು ಪ್ರಿಂಟ್ ಬಂತು. ಅಂಜಲ್ 1,350. ಕಬಾಬ್ 260. ಕೋಳಿ ಸಾರು 280. ನಾಲ್ಕು ರೊಟ್ಟಿ 160. ಶೇಂಗಾ 90. ಮೂರು ಬಾಟಲಿ ನೀರು 120. ಲಾರ್ಜ್ ಏಳು, 240ರಂತೆ 1,680. ನಾನು ಕುಡಿದದ್ದು ಎರಡು, ಭಾವ ಮೂರು. ನಮ್ಮ ಮಂಡಿಯಲ್ಲಿ ಎರಡಕ್ಕೆ ಮೂರು ಸೇರಿಸಿದರೆ ಐದು. ಅದರ ಮೇಲೆ ಸರ್ವಿಸ್ ಚಾರ್ಜ್ ಶೇ. 10, ಅಂದರೆ 394. ಅದೆಲ್ಲ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ ಶೇ. 5.

ಈ ಕೊನೆಯದು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಮದ್ಯ ಜಿಎಸ್‌ಟಿಯ ಒಳಗೇ ಬರುವುದಿಲ್ಲ, ಅದರ ಸುಂಕ ರಾಜ್ಯದ್ದು. ಇಂಥ ಹೋಟೆಲಿನಲ್ಲಿ ಊಟದ ಭಾಗಕ್ಕೆ ಮಾತ್ರ ಶೇ. 5. ನಮ್ಮ ಊಟದ ಮೊತ್ತ 2,260, ತೆರಿಗೆ 113 ಆಗಬೇಕು. ಅವರು ಹಾಕಿದ್ದು 216.70. ಮೇಲಾಗಿ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರೇ ಇರಲಿಲ್ಲ. ನಂಬರ್ ಇಲ್ಲದವರು ತೆರಿಗೆ ತಗೊಂಡು ಯಾರಿಗೆ ಕಟ್ಟುತ್ತಾರೆ? ಆಹಾರ ಪರವಾನಗಿಯ 14 ಅಂಕಿಯ ನಂಬರೂ ಇರಲಿಲ್ಲ.

ಗಲ್ಲಾದಲ್ಲಿದ್ದವರು ಸಿಟ್ಟು ಮಾಡಲಿಲ್ಲ. ‘ಸಾರ್, ಸರ್ವಿಸ್ ಚಾರ್ಜ್ ಎಲ್ಲಾ ಕಡೆ ಇದೆ’ ಅಂದರು. ಇರಬಹುದು, ಆದರೆ ಬಿಲ್ಲಿಗೆ ತಾನಾಗಿ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಖುಷಿಯಾದರೆ ಟಿಪ್ಸ್ ಕೊಡುವುದು ನಮ್ಮ ಇಷ್ಟ. ಇಷ್ಟೆಲ್ಲ ಹೇಳುವ ಹೊತ್ತಿಗೆ ಪಕ್ಕದ ಟೇಬಲ್ಲಿನವರು ತಿರುಗಿ ನೋಡುತ್ತಿದ್ದರು. ಭಾವ ನನ್ನ ತೋಳು ಹಿಡಿದು ‘ಬಿಡೋ ಮಾರಾಯ, ಎಂತಕ್ಕೆ ರಗಳೆ, ಮಳೆ ಬೇರೆ ಜೋರಾಗ್ತಾ ಇದೆ’ ಅಂದರು. ಅಂಥವರಿಗೆ ಇದಕ್ಕಿಂತ ಒಳ್ಳೆ ವಕೀಲರು ಬೇಕಿಲ್ಲ. ಕೊಟ್ಟೆ. ಮೀನಿನ ರೇಟನ್ನು ಅವರು ಹೇಳಿದಷ್ಟೇ ಹಿಡಿದರೂ ಸರಿಯಾದ ಲೆಕ್ಕ 3,573. ಹೆಚ್ಚಿಗೆ ಹೋದದ್ದು 978.

ಒಂದು ವಿಷಯದಲ್ಲಿ ತಪ್ಪು ನನ್ನದೂ ಇತ್ತು. 20 ರೂಪಾಯಿ ಎಂಆರ್‌ಪಿ ಇರುವ ನೀರಿನ ಬಾಟಲಿಗೆ 40 ಹಾಕಿದ್ದೀರಿ ಅಂತ ಕೂಗಾಡಿದ್ದೆ. ಕೂತು ತಿನ್ನುವ ಹೋಟೆಲಿನಲ್ಲಿ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆಯಂತೆ, ಕಾನೂನು ಓದುತ್ತಿರುವ ಪಕ್ಕದ ಮನೆ ಹುಡುಗಿ ತೋರಿಸಿದಳು. ಹಾಗಾಗಿ ನೀವು ನೀರಿನಿಂದ ಜಗಳ ಶುರು ಮಾಡಬೇಡಿ, ಅಲ್ಲೇ ಸೋಲುತ್ತೀರಿ. ‘ಉಚಿತ ಕುಡಿಯುವ ನೀರು ಕೊಡಿ’ ಅಂತ ಮೊದಲೇ ಕೇಳಿ, ಅಷ್ಟೇ.

ರಾತ್ರಿ ಎರಡು ಗಂಟೆಗೆ ಭಾವನಿಗೆ ಹೊಟ್ಟೆ ಕೆಟ್ಟಿತು. ಬೆಳಗಿನವರೆಗೆ ಓಆರ್‌ಎಸ್, ಗಂಜಿ. ಮೀನಿನಿಂದಲೋ ಕಬಾಬಿನಿಂದಲೋ ಹೇಳಲಾರೆ. ಮೀನು ಜಾಸ್ತಿ ತಿಂದದ್ದು ನಾನೇ, ನನಗೆ ಏನೂ ಆಗಲಿಲ್ಲ.

ಬೆಳಗ್ಗೆ 1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಬಿಲ್ಲಿನ ಫೋಟೋ ಇದ್ದದ್ದರಿಂದ ದೂರು ಬರೆದುಕೊಂಡರು, ನಂಬರ್ ಕೊಟ್ಟರು. ಆ ಫೋಟೋ ತೆಗೆದದ್ದು ಒಳ್ಳೆಯದೇ ಆಯಿತು. ಬಿಲ್ಲಿನ ಕಾಗದ ಅಂಗಿ ಜೇಬಿನಲ್ಲೇ ಮಳೆಗೆ ಒದ್ದೆಯಾಗಿ ಕಪ್ಪಾಗಿತ್ತು. ಕೆಲವು ದಿನ ಬಿಟ್ಟು ಬಾರಿನಿಂದಲೇ ಫೋನ್ ಬಂತು. ‘ಸ್ಟಾಫ್ ಮಿಸ್ಟೇಕ್ ಸಾರ್’ ಅಂತ 394 ರೂಪಾಯಿ ಫೋನಿಗೆ ಹಾಕಿದರು. ಉಳಿದದ್ದಕ್ಕೆ ‘ನೀವು ಕುಡಿದದ್ದು ಏಳೇ ಸಾರ್, ನೆನಪು ಮಾಡ್ಕೊಳ್ಳಿ’ ಅಂದರು.

ಹೋದ ವಾರ ಗೋಪಿ ಸರ್ಕಲ್ ಹತ್ತಿರ ಆ ಹುಡುಗ ಸಿಕ್ಕಿದ. ಕೆಲಸ ಬಿಟ್ಟಿದ್ದಾನೆ. ನನ್ನನ್ನು ನೋಡಿ ತಪ್ಪಿಸಿಕೊಳ್ಳಲು ನೋಡಿದ, ನಾನೇ ಕರೆದು ಟೀ ಕೊಡಿಸಿದೆ. ಎರಡು ಗುಟುಕು ಕುಡಿದ ಮೇಲೆ ಅವನಾಗಿಯೇ ಹೇಳಿದ: ‘ಎರಡು ಮೆಜರ್ ಇದಾವೆ ಅಣ್ಣ. ಮುದ್ರೆ ಇರೋದು ಶೆಲ್ಫ್ ಮೇಲೆ, ಹಾಕೋದು ಇನ್ನೊಂದರಲ್ಲಿ.’ ಸಂಬಳದಲ್ಲಿ ಹಿಡಿದುಕೊಂಡಿದ್ದು ಇನ್ನೂ ಬರಬೇಕಂತೆ.

ಸೋಮವಾರ ಮಂಡಿಗೆ ಅರ್ಧ ದಿನ ರಜೆ ಹಾಕಿ ಮಾಪನಶಾಸ್ತ್ರ ಇಲಾಖೆಗೆ ಅರ್ಜಿ ಕೊಡಲು ಹೋಗುತ್ತಿದ್ದೇನೆ. ನಿನ್ನೆ ಆ ದಾರಿಯಲ್ಲೇ ಬಂದೆ. ಬಾಗಿಲಲ್ಲಿ ಬೆಂಗಳೂರು ನಂಬರಿನ ಎರಡು ಕಾರು ನಿಂತಿದ್ದವು, ಒಳಗೆ ಮಕ್ಕಳ ನಗು ಕೇಳುತ್ತಿತ್ತು. ಹೋಗಲೇಬೇಕು ಅನ್ನುವವರು ಕಾರ್ಡ್ ಕೈಗೆ ಬರುವವರೆಗೆ ಏನೂ ಹೇಳಬೇಡಿ. ಕ್ವಾರ್ಟರ್ ತರಿಸಿ, ಸೀಲ್ ನೀವೇ ಒಡೆಯಿರಿ. ‘ಸೈಜ್ ಮೇಲೆ’ ಅಂದರೆ ಮೀನನ್ನು ಹಸಿಯಾಗಿದ್ದಾಗಲೇ ತಂದು ತೋರಿಸಿ ರೇಟು ಹೇಳಲು ಹೇಳಿ.