ಸರಪಳಿಯಿಂದ ಪೆಟಾಮೀಟರಿಗೆ: ಒಂದು ಅಳತೆ ಪರಿವರ್ತಕವನ್ನು ಬಳಸಿ ನೋಡಿದ ಮೇಲೆ

ನಾನು ಮೋಜಣಿ ಪಾಠ ಹೇಳುವವನು. ಈ ಸಲ ತರಗತಿಯ ಗೋಡೆಗೆ ಒಂದು ಉದ್ದನೆಯ ಪಟ ಬರೆಯಲು ಕುಳಿತೆ. ಎಡತುದಿಯಲ್ಲಿ ಹೊಲ ಅಳೆಯುವ 66 ಅಡಿಯ ಗುಂಟರ್ ಸರಪಳಿಯ ಒಂದೇ ಒಂದು ಕೊಂಡಿ, ಬಲತುದಿಯಲ್ಲಿ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರ. ನಡುವಿನ ಪ್ರತಿಯೊಂದು ದೂರವೂ ಸರಪಳಿಯಲ್ಲಿ ಒಮ್ಮೆ, ಮೆಟ್ರಿಕ್‌ನಲ್ಲಿ ಒಮ್ಮೆ. ಲೆಕ್ಕಕ್ಕೆಂದು ಮೊಬೈಲಿಗೆ ಒಂದು ಉಚಿತ ಪರಿವರ್ತಕವನ್ನು ಹಾಕಿಕೊಂಡು ಮೂರು ವಾರ ಬಳಸಿದೆ. ಅದರ ಹೆಸರು ಹೇಳುವುದಿಲ್ಲ. ತಯಾರಕರಿಗೆ ಪತ್ರ ಬರೆದಿದ್ದೇನೆ, ತಿದ್ದಿಕೊಳ್ಳಲು ಅವರಿಗೆ ಸಮಯ ಸಿಗಲಿ.

ಹೊಲ ಅಳೆಯುವ ಸರಪಳಿಗೂ ನಕ್ಷತ್ರಕ್ಕೂ ಏನು ನಂಟು ಎಂದು ಮಕ್ಕಳು ಕೇಳಿದ್ದರು. ನಂಟು ಬಹಳ ಹತ್ತಿರದ್ದು. ಒಂದು ಆಧಾರರೇಖೆಯನ್ನು ಜತನದಿಂದ ಅಳೆದು, ಅದರ ಎರಡು ತುದಿಗಳಿಂದ ಕೋನ ಹಿಡಿದರೆ ಮುಟ್ಟಲಾಗದ ವಸ್ತುವಿನ ದೂರವೂ ಸಿಗುತ್ತದೆ. 1784ರಲ್ಲಿ ಮೋಜಣಿದಾರ ವಿಲಿಯಂ ರಾಯ್ ಲಂಡನ್ ಬಳಿಯ ಹೌನ್ಸ್ಲೋ ಬಯಲಿನಲ್ಲಿ ಅಳೆದ ಆಧಾರರೇಖೆ ಐದು ಮೈಲಿಗಿಂತ ತುಸು ಹೆಚ್ಚು. 1838ರಲ್ಲಿ ಖಗೋಳಶಾಸ್ತ್ರಜ್ಞ ಬೆಸೆಲ್ 61 ಸಿಗ್ನಿ ನಕ್ಷತ್ರದ ದೂರ ಕಂಡುಕೊಂಡಾಗ ಆಧಾರರೇಖೆಯಾದದ್ದು ಭೂಮಿ ಸೂರ್ಯನನ್ನು ಸುತ್ತುವ ಕಕ್ಷೆಯ ಅಗಲ. ವಿದ್ಯೆ ಅದೇ, ರೇಖೆ ಮಾತ್ರ ಬೆಳೆದಿತ್ತು.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಹಳೆಯ ಅಳತೆಗಳ ಪಟ್ಟಿ ತುಂಬಿಕೊಂಡಿದೆ: ಕೊಂಡಿ, ರಾಡ್, ಸರಪಳಿ, ಫರ್ಲಾಂಗು, ಎಲ್ಲವೂ ಇವೆ. 100 ಕೊಂಡಿ ಕೊಟ್ಟರೆ 20.1168 ಮೀಟರ್ ತೋರಿಸಿತು. 80 ಸರಪಳಿಗೆ 1609.344 ಮೀಟರ್, ಅಂದರೆ ಸರಿಯಾಗಿ ಒಂದು ಮೈಲಿ. ಎಡ್ಮಂಡ್ ಗುಂಟರ್ 1620ರಲ್ಲಿ 66 ಅಡಿಯ ಸರಪಳಿಯನ್ನು ನೂರು ಕೊಂಡಿಗಳಾಗಿ ಒಡೆದದ್ದು ದಶಮಾಂಶದಲ್ಲಿ ಲೆಕ್ಕ ಸುಲಭವಾಗಲಿ ಎಂದು; ಹತ್ತು ಚದರ ಸರಪಳಿ ಅಂದರೆ ಒಂದು ಎಕರೆ. ಆ ಅಂದವನ್ನು ಈ ಪರಿವರ್ತಕ ಕೆಡಿಸಿಲ್ಲ. ಗಿಗಾಮೀಟರ್‌ವರೆಗೂ, ಅಂದರೆ ನೂರು ಕೋಟಿ ಮೀಟರ್‌ವರೆಗೂ, ಸರಾಗ. ಸೂರ್ಯನ ಸರಾಸರಿ ದೂರ 149.6 ಗಿಗಾಮೀಟರ್ ಕೊಟ್ಟೆ, 743.7 ಕೋಟಿ ಸರಪಳಿ ಎಂದು ಉತ್ತರ ಬಂತು. ಕಾಗದದಲ್ಲಿ ಭಾಗಿಸಿ ನೋಡಿದೆ, ತಾಳೆಯಾಯಿತು.

ಪೆಟಾಮೀಟರಿಗೆ ಬಂದಾಗ ಕೆಟ್ಟಿತು. ಒಂದರ ಮುಂದೆ 15 ಸೊನ್ನೆ ಇಟ್ಟಷ್ಟು ಮೀಟರ್ ಒಂದು ಪೆಟಾಮೀಟರ್. ಒಂದು ಸರಪಳಿ ಎಷ್ಟು ಪೆಟಾಮೀಟರ್ ಎಂದು ಕೇಳಿದರೆ ಬಂದ ಉತ್ತರ 0.0000. ಸಾವಿರ ಸರಪಳಿಗೂ ಅದೇ. ದಶಮಾಂಶ ಸ್ಥಾನಗಳನ್ನು ಹೆಚ್ಚಿಸುವ ಆಯ್ಕೆಯನ್ನು ಹುಡುಕಿ ಗರಿಷ್ಠ 15ಕ್ಕೆ ಏರಿಸಿದೆ. ಆಗ 0.000000000000020 ಎಂದಿತು. ಅದನ್ನೇ ನಕಲು ಮಾಡಿ ಮರಳಿ ಮೀಟರಿಗೆ ತಿರುಗಿಸಿದರೆ 20 ಮೀಟರ್! ಸರಪಳಿಯ ಕೊನೆಯ ಹನ್ನೊಂದೂವರೆ ಸೆಂಟಿಮೀಟರ್, ಅಂದರೆ ಅರ್ಧ ಕೊಂಡಿಗಿಂತ ಹೆಚ್ಚು, ಹಾದಿಯಲ್ಲೇ ಕಳೆದುಹೋಯಿತು. ನಿಜವಾದ ಉತ್ತರ 2.01168 × 10⁻¹⁴. ಹತ್ತರ ಘಾತದಲ್ಲಿ ತೋರಿಸುವ ಸೌಲಭ್ಯ ಇಲ್ಲದೆ ಪೆಟಾಮೀಟರನ್ನು ಪಟ್ಟಿಗೆ ಸೇರಿಸಬಾರದಿತ್ತು. ಸೊನ್ನೆ ಎಂಬುದು ಸುಳ್ಳು ಉತ್ತರ. ಕಲಿಯುವ ಮಗು ಅದನ್ನು ನಂಬುತ್ತದೆ.

ಇದಕ್ಕಿಂತ ನನ್ನನ್ನು ಕಾಡಿದ್ದು ಪಟ್ಟಿಯಲ್ಲಿದ್ದ ಮೂರು ಸರಪಳಿಗಳು. ಒಂದು ಬರಿಯ ‘ಚೈನ್’, ಇನ್ನೊಂದು ‘ಸರ್ವೇ ಚೈನ್’, ಮತ್ತೊಂದು ‘ಎಂಜಿನಿಯರ್ ಚೈನ್’. ಯಾವುದು ಏನೆಂದು ಒಂದು ಸಾಲಿನ ವಿವರಣೆಯೂ ಇಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಆ 743.7 ಕೋಟಿಯನ್ನು ಎಂಜಿನಿಯರ್ ಚೈನ್‌ನಲ್ಲಿ ಹಾಕಿದಳು. ಅದು ನೂರು ಅಡಿಯದು, 30.48 ಮೀಟರ್. ಉತ್ತರ 226.7 ಗಿಗಾಮೀಟರ್ ಬಂತು. ಭೂಮಿ ಹೆಚ್ಚುಕಡಿಮೆ ಮಂಗಳನ ಕಕ್ಷೆಯಲ್ಲಿ ಹೋಗಿ ನಿಂತಿತ್ತು. ತಪ್ಪು ಅವಳದಲ್ಲ.

ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ. 66 ಸರ್ವೇ ಅಡಿಯ ಸರ್ವೇ ಚೈನ್‌ನ ತಪ್ಪು ಬೀಳುವುದಿಲ್ಲ. ಅಮೆರಿಕದ ಸರ್ವೇ ಅಡಿ ಒಂದು ಮೀಟರಿನ 3937ರಲ್ಲಿ 1200 ಭಾಗ. 1959ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಅಡಿ ಸರಿಯಾಗಿ 0.3048 ಮೀಟರ್; ಬರಿಯ ‘ಚೈನ್’ ಇಂಥ 66 ಅಡಿಯದು. ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು. ಒಂದು ಸರಪಳಿಯಲ್ಲಿ 0.04 ಮಿಲಿಮೀಟರ್, ತಲೆಗೂದಲಿನ ದಪ್ಪವೂ ಇಲ್ಲ. ಗದ್ದೆಯ ಬದುವಿನಲ್ಲಿ ನಿಂತವನಿಗೆ ಇದರ ಗೊಡವೆ ಬೇಡ. ಆದರೆ ಸೂರ್ಯನ ದೂರಕ್ಕೆ ಹೋಗುವಷ್ಟರಲ್ಲಿ ಅದು 300 ಕಿಲೋಮೀಟರ್ ಆಗುತ್ತದೆ. 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿಗೆ, ಅಂದರೆ ಸುಮಾರು 40 ಪೆಟಾಮೀಟರಿಗೆ ಬಂದರೆ, ಎಂಟು ಕೋಟಿ ಕಿಲೋಮೀಟರ್. ನಮಗೂ ಸೂರ್ಯನಿಗೂ ನಡುವಿನ ದೂರದ ಅರ್ಧಕ್ಕಿಂತ ಹೆಚ್ಚು! ಈ ಲೆಕ್ಕ ಮಾಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಕ್ಷತ್ರದ ದೂರವೇ ಅಷ್ಟು ಖಚಿತವಾಗಿ ಗೊತ್ತಿಲ್ಲವಲ್ಲ ಎಂದು ಸಹೋದ್ಯೋಗಿಯೊಬ್ಬರು ಸಮಾಧಾನ ಹೇಳಿದರು, ಅವರ ಮಾತು ನಿಜ. ಆದರೆ ಅಳೆಯುವುದರಲ್ಲಿ ಉಳಿಯುವ ಅನಿಶ್ಚಿತತೆ ಬೇರೆ, ತಪ್ಪು ಅಳತೆಗೋಲು ಹಿಡಿಯುವುದು ಬೇರೆ.

ಅಮೆರಿಕ 2022ರ ಕೊನೆಗೆ ಸರ್ವೇ ಅಡಿಯನ್ನು ಅಧಿಕೃತ ಬಳಕೆಯಿಂದ ಕೈಬಿಟ್ಟಿದೆ. ಹಾಗೆಂದು ಪಟ್ಟಿಯಿಂದ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಹಳೆಯ ನಕ್ಷೆಗಳು ಇನ್ನೂ ಇವೆ, ಅವುಗಳನ್ನು ಓದುವವರಿಗೆ ಅದು ಬೇಕು. ಪ್ರತಿ ಸರಪಳಿಯ ಪಕ್ಕದಲ್ಲಿ ಅದರ ಮೀಟರ್ ಬೆಲೆಯನ್ನು ಬರೆಯಿರಿ, ಉತ್ತರವನ್ನು ಘಾತ ರೂಪದಲ್ಲಿ ಕೊಡಿ: ಪತ್ರದಲ್ಲಿ ಈ ಎರಡನ್ನೇ ಕೇಳಿದ್ದೇನೆ.

ಗಿಗಾಮೀಟರ್‌ವರೆಗಿನ ಕೆಲಸಕ್ಕೆ, ‘ಚೈನ್’ ಎಂಬ ಮೊದಲ ಸಾಲನ್ನು ಮಾತ್ರ ಆರಿಸಿಕೊಂಡರೆ, ಇದನ್ನು ಧೈರ್ಯವಾಗಿ ಬಳಸಬಹುದು. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಪಟದ ಬಲತುದಿಯ ಸಾಲುಗಳನ್ನು ಮಾತ್ರ ಮಕ್ಕಳೇ ಕೈಯಲ್ಲಿ ಗುಣಿಸಿ, ಪೆನ್ಸಿಲಿನಲ್ಲಿ ಬರೆದಿದ್ದಾರೆ.